ಟೆನೆಸ್ಸೀ ವಿಲಿಯಮ್ಸ್ ನಾಟಕ: ಸಿನಿಮಾದ ಕೊನೆ ಒಂದು, ಪುಸ್ತಕದ ಕೊನೆ ಇನ್ನೊಂದು, ಯಾವುದನ್ನು ನಂಬುವುದು?

ಓದುಗರ ಪ್ರಶ್ನೆ: "'ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್' ಸಿನಿಮಾದಲ್ಲಿ ಅಪ್ಪ-ಮಗ ರಾಜಿಯಾಗುತ್ತಾರೆ, ಗಂಡ-ಹೆಂಡತಿಯೂ ಒಂದಾಗುತ್ತಾರೆ. ನಾನು ಓದಿದ ಪುಸ್ತಕದಲ್ಲಿ ಕೊನೆಯ ಅಂಕಕ್ಕೆ ಅಪ್ಪ ಬರುವುದೇ ಇಲ್ಲ. ಗೆಳೆಯರ ಹತ್ತಿರವಿರುವ ಪ್ರತಿಯಲ್ಲಿ ಬರುತ್ತಾನೆ. ಇವುಗಳಲ್ಲಿ ವಿಲಿಯಮ್ಸ್ ಬರೆದದ್ದು ಯಾವುದು?"

ಉತ್ತರ: ನಿಮ್ಮ ಪುಸ್ತಕದ ಕೊನೆಯೂ ಅಮೆರಿಕದ ನಾಟಕಕಾರ ವಿಲಿಯಮ್ಸ್ ಅವರದೇ, ನಿಮ್ಮ ಗೆಳೆಯರ ಪುಸ್ತಕದ ಕೊನೆಯೂ ಅವರದೇ. ಸಿನಿಮಾದ ಕೊನೆ ಮಾತ್ರ ಅವರದಲ್ಲ. ಇಷ್ಟಕ್ಕೇ ಮುಗಿಯುವುದಿಲ್ಲ, ಏಕೆಂದರೆ ಅದೇ ನಾಟಕಕ್ಕೆ ಅವರೇ ಬರೆದ ಮೂರನೆಯ ಪಾಠವೂ, ಅಂದರೆ ಪಠ್ಯದ ಇನ್ನೊಂದು ರೂಪವೂ, ಒಂದಿದೆ.

ಮೊದಲು ಪುಸ್ತಕದ ವಿಷಯ. ಈ ನಾಟಕ ನ್ಯೂಯಾರ್ಕಿನ ರಂಗಮಂದಿರಗಳ ಕೇಂದ್ರವಾದ ಬ್ರಾಡ್‌ವೇಯಲ್ಲಿ ತೆರೆ ಕಂಡದ್ದು 1955ರ ಮಾರ್ಚ್ 24ರಂದು, ಮೊರಾಸ್ಕೊ ರಂಗಮಂದಿರದಲ್ಲಿ. ನಿರ್ದೇಶಕ ಎಲಿಯಾ ಕಜಾನ್. ಮಿಸಿಸಿಪಿ ನದೀಬಯಲಿನಲ್ಲಿ 28,000 ಎಕರೆ ಜಮೀನು ಮಾಡಿಕೊಂಡಿರುವ ಬಿಗ್ ಡ್ಯಾಡಿಯ ಅರವತ್ತೈದನೆಯ ಹುಟ್ಟುಹಬ್ಬದ ಸಂಜೆ. ಅವನಿಗೆ ಕ್ಯಾನ್ಸರ್, ಅದು ಅವನಿಗೂ ಅವನ ಹೆಂಡತಿಗೂ ಗೊತ್ತಿಲ್ಲ. ಕಿರಿಯ ಮಗ ಬ್ರಿಕ್ ಗೆಳೆಯ ಸ್ಕಿಪ್ಪರ್ ಸತ್ತಾಗಿನಿಂದ ಕುಡಿತಕ್ಕೆ ಬಿದ್ದಿದ್ದಾನೆ, ಹೆಂಡತಿ ಮ್ಯಾಗಿಯನ್ನು ಹತ್ತಿರ ಸೇರಿಸುವುದಿಲ್ಲ. ಎರಡನೆಯ ಅಂಕದ ಬಹುಪಾಲು ಅಪ್ಪ-ಮಗನ ಮಾತು. ಸ್ಕಿಪ್ಪರ್‌ನ ಜೊತೆಗಿನ ನಂಟು ಎಂಥದು ಎಂದು ಅಪ್ಪ ಕೆದಕುತ್ತಾನೆ; ಮೂಲೆಗೆ ಸಿಕ್ಕಿಬಿದ್ದ ಬ್ರಿಕ್, ಸೇಡಿಗೆ ಎಂಬಂತೆ, ಕ್ಯಾನ್ಸರ್ ವಿಷಯ ಹೊರಹಾಕುತ್ತಾನೆ.

ವಿಲಿಯಮ್ಸ್ ಮೊದಲು ಬರೆದ ಮೂರನೆಯ ಅಂಕದಲ್ಲಿ ಬಿಗ್ ಡ್ಯಾಡಿ ಮತ್ತೆ ರಂಗಕ್ಕೆ ಬರುವುದಿಲ್ಲ. ಮನೆಯ ಒಳಗಿನಿಂದ ಅವನ ನೋವಿನ ಕೂಗೊಂದು ಕೇಳಿಸುತ್ತದೆ, ಅಷ್ಟೆ. ಕಜಾನ್ ಹಸ್ತಪ್ರತಿ ಓದಿ ಮೂರು ಬೇಡಿಕೆ ಇಟ್ಟರು: ಇಷ್ಟು ಜೀವಂತವಾದ ಪಾತ್ರ ಎರಡನೆಯ ಅಂಕದ ನಂತರ ಕಾಣೆಯಾಗಬಾರದು, ಅಪ್ಪನೊಂದಿಗೆ ಆ ಮಾತುಕತೆ ನಡೆದ ಮೇಲೆ ಬ್ರಿಕ್‌ನಲ್ಲಿ ಏನಾದರೂ ಬದಲಾವಣೆ ಕಾಣಬೇಕು, ಮ್ಯಾಗಿಯ ಮೇಲೆ ಪ್ರೇಕ್ಷಕರಿಗೆ ಇನ್ನಷ್ಟು ಅಕ್ಕರೆ ಹುಟ್ಟಬೇಕು. ಮೂರನೆಯದನ್ನು ವಿಲಿಯಮ್ಸ್ ಮನಸಾರೆ ಒಪ್ಪಿದರು. ಉಳಿದೆರಡಕ್ಕೆ ಮನಸ್ಸಿರಲಿಲ್ಲ. ಒಳಗೇ ಹೆಪ್ಪುಗಟ್ಟಿರುವ ಮನುಷ್ಯ ಒಂದು ಸಂಭಾಷಣೆಯಿಂದ, ಅದೆಷ್ಟು ಸತ್ಯವಾದದ್ದಾದರೂ, ಕರಗಿಬಿಡುವುದಿಲ್ಲ ಎಂಬುದು ಅವರ ನಿಲುವು. ಆದರೂ ನಾಟಕವನ್ನು ಕಜಾನ್ ಅವರೇ ಮಾಡಿಸಬೇಕೆಂಬ ಆಸೆ ದೊಡ್ಡದಾಗಿತ್ತು, ಹೊಸ ಅಂಕ ಬರೆದುಕೊಟ್ಟರು. ನಾಟಕ 694 ಪ್ರಯೋಗ ಕಂಡಿತು, ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಪುಸ್ತಕ ಅಚ್ಚಾಗುವಾಗ ವಿಲಿಯಮ್ಸ್ ಎರಡೂ ಅಂಕಗಳನ್ನು ಒಂದರ ಹಿಂದೊಂದು ಇಟ್ಟು, ನಡುವೆ ವಿವರಣೆಯ ಟಿಪ್ಪಣಿ ಬರೆದರು. ಮೇಲೆ ಹೇಳಿದ ಸಂಗತಿ ಗೊತ್ತಿರುವುದು ಆ ಟಿಪ್ಪಣಿಯಿಂದಲೇ. ನಿರ್ದೇಶಕನಿಗೆ ಮಣಿದೆ ಎಂದು ಲೇಖಕ ಮುಚ್ಚುಮರೆಯಿಲ್ಲದೆ ಬರೆದು, ಎರಡನ್ನೂ ಓದುಗರ ಮುಂದಿಟ್ಟ ಇಂಥ ಪ್ರಾಮಾಣಿಕತೆ ರಂಗಭೂಮಿಯಲ್ಲಿ ಅಪರೂಪ.

1974ರಲ್ಲಿ ಕನೆಕ್ಟಿಕಟ್‌ನ ಸ್ಟ್ರ್ಯಾಟ್‌ಫರ್ಡ್‌ನಲ್ಲಿ ಅಮೆರಿಕನ್ ಶೇಕ್ಸ್‌ಪಿಯರ್ ಥಿಯೇಟರ್ ನಾಟಕವನ್ನು ಮತ್ತೆ ಎತ್ತಿಕೊಂಡಾಗ ಅವರು ಇನ್ನೊಮ್ಮೆ ತಿದ್ದಿದರು. ಈ ಮೂರನೆಯ ಪಾಠದಲ್ಲಿ ಬಿಗ್ ಡ್ಯಾಡಿ ಕೊನೆಯ ಅಂಕಕ್ಕೆ ಬರುತ್ತಾನೆ, ಆನೆಯ ಪೋಲಿ ಕಥೆಯೊಂದನ್ನೂ ಹೇಳುತ್ತಾನೆ. ಆದರೆ ನಾಟಕ ಮುಗಿಯುವುದು ಮೊದಲ ಪಾಠದ ಮಾತಿನಿಂದ.

ನಿಮ್ಮ ಕೈಯಲ್ಲಿರುವುದು ಯಾವುದು ಎಂದು ತಿಳಿಯಲು ಎರಡು ನಿಮಿಷ ಸಾಕು. ಮೂರನೆಯ ಅಂಕ ತೆರೆದು ಬಿಗ್ ಡ್ಯಾಡಿಯ ಹೆಸರಿನ ಮುಂದೆ ಸಂಭಾಷಣೆ ಇದೆಯೇ ನೋಡಿ. ಇಲ್ಲದಿದ್ದರೆ ಅದು ಮೊದಲ ಪಾಠ. ಇದ್ದರೆ ನೇರ ಕೊನೆಯ ಪುಟಕ್ಕೆ ಹೋಗಿ. ದುರ್ಬಲರೂ ಸುಂದರರೂ ಆದ ನಿಮ್ಮಂಥವರ ಕೈಹಿಡಿದು ನಡೆಸುವವರು ಬೇಕು ಎಂಬ ಮ್ಯಾಗಿಯ ಮಾತಿನಲ್ಲೇ ಮುಗಿದರೆ 1955ರ ಬ್ರಾಡ್‌ವೇ ಪಾಠ. ಅವಳು "ನಿನ್ನನ್ನು ಪ್ರೀತಿಸುತ್ತೇನೆ" ಎಂದದ್ದಕ್ಕೆ ಬ್ರಿಕ್ ಕೊಡುವ ಉತ್ತರ ಕೊನೆಯ ಸಾಲಾಗಿದ್ದರೆ 1974ರದು. ಒಂದೇ ಪುಸ್ತಕದಲ್ಲಿ ಎರಡು ಮೂರನೆಯ ಅಂಕ ಕಂಡರೆ ಮುದ್ರಣದೋಷ ಅಂದುಕೊಳ್ಳಬೇಡಿ.

ಬ್ರಿಕ್‌ನ ಆ ಉತ್ತರದ ಬಗ್ಗೆ ಒಂದು ಮಾತು. "ಅದು ನಿಜವಾಗಿದ್ದರೆ ತಮಾಷೆಯಾಗಿರುತ್ತಿತ್ತು, ಅಲ್ವಾ?" ಎಂಬರ್ಥದ ಸಾಲು ಅದು. ಎರಡನೆಯ ಅಂಕದಲ್ಲಿ ಹೆಂಡತಿ ತನ್ನ ನಲವತ್ತು ವರ್ಷಗಳ ಪ್ರೀತಿಯ ಮಾತಾಡಿ ಹೋದಾಗ ಬಿಗ್ ಡ್ಯಾಡಿ ಆಡುವುದೂ ಅದನ್ನೇ. ಅಪ್ಪ ಹೆಂಡತಿಯ ಬಗ್ಗೆ ಅಂದದ್ದನ್ನು ಮಗ ತನ್ನ ಹೆಂಡತಿಗೆ ಅನ್ನುತ್ತಾನೆ, ಅಪ್ಪ ಅಂದದ್ದು ಅವನಿಗೆ ಗೊತ್ತೇ ಇಲ್ಲ. ನಾಟಕದ ಬೆನ್ನೆಲುಬು ಇದು. ಅನುವಾದ ಮಾಡುವವರು ಎರಡೂ ಕಡೆ ಅಕ್ಷರಶಃ ಒಂದೇ ವಾಕ್ಯ ಇಡಬೇಕು. ಅಪ್ಪನಿಗೊಂದು ಹಳ್ಳಿಯ ಧಾಟಿ, ಮಗನಿಗೊಂದು ಪೇಟೆಯ ಧಾಟಿ ಎಂದು ಬದಲಿಸಿದರೆ ಪ್ರೇಕ್ಷಕರ ಕಿವಿ ಅದನ್ನು ಹಿಡಿಯುವುದಿಲ್ಲ, ಕೊನೆ ಸಪ್ಪೆಯಾಗುತ್ತದೆ. ಬ್ರಾಡ್‌ವೇ ಪಾಠ ಕಳೆದುಕೊಂಡದ್ದೂ ಇದನ್ನೇ. ಆದ್ದರಿಂದ ನಮ್ಮ ಆಯ್ಕೆ ಓದಿಗೆ ಮೊದಲ ಪಾಠ, ಆಡಿಸುವುದಕ್ಕೆ 1974ರದು.

ಇನ್ನು ಸಿನಿಮಾ ಯಾಕೆ ಹಾಗಾಯಿತು? ಅಮೆರಿಕದಲ್ಲಿ ರಂಗಭೂಮಿಗೆ ಇಲ್ಲದ ಕಟ್ಟುಪಾಡು ಸಿನಿಮಾಕ್ಕಿತ್ತು. 1934ರಿಂದ ಹಾಲಿವುಡ್ ಸ್ಟುಡಿಯೋಗಳು 'ಪ್ರೊಡಕ್ಷನ್ ಕೋಡ್' ಎಂಬ ನಿಯಮಾವಳಿಯನ್ನು ಬಿಗಿಯಾಗಿ ಪಾಲಿಸುತ್ತಿದ್ದವು. ಅದರ ಪ್ರಕಾರ ಸಲಿಂಗಕಾಮದ ಸುಳಿವೂ ತೆರೆಯ ಮೇಲೆ ಬರುವಂತಿರಲಿಲ್ಲ, ತಪ್ಪು ಮಾಡಿದವರಿಗೆ ಕಥೆಯೊಳಗೇ ಶಿಕ್ಷೆಯಾಗಬೇಕಿತ್ತು. ಸಲಿಂಗಕಾಮದ ವಿಷಯದಲ್ಲಿ ನಿಯಮ ಸಡಿಲಾದದ್ದು 1961ರಲ್ಲಿ. 1968ರಲ್ಲಿ ಇಡೀ ಪದ್ಧತಿ ಹೋಗಿ ವಯೋಮಿತಿಯ ಶ್ರೇಣಿ ಬಂತು. ವಿಲಿಯಮ್ಸ್‌ರ ಮುಖ್ಯ ಸಿನಿಮಾಗಳೆಲ್ಲ ಈ ಕಟ್ಟುಪಾಡಿನ ಕಾಲದವು.

1958ರಲ್ಲಿ ರಿಚರ್ಡ್ ಬ್ರೂಕ್ಸ್ ನಿರ್ದೇಶಿಸಿದ 'ಕ್ಯಾಟ್' ಚಿತ್ರದಲ್ಲಿ ಪಾಲ್ ನ್ಯೂಮನ್, ಎಲಿಜಬೆತ್ ಟೇಲರ್ ಇದ್ದಾರೆ. ರಂಗದ ಮೇಲೆ ಬಿಗ್ ಡ್ಯಾಡಿಯಾಗಿದ್ದ ಬರ್ಲ್ ಐವ್ಸ್ ಇಲ್ಲೂ ಅದೇ ಪಾತ್ರದಲ್ಲಿದ್ದಾರೆ, ಅವರಿಗಾಗಿಯೇ ನೋಡಬೇಕು. ಆದರೆ ಬ್ರಿಕ್-ಸ್ಕಿಪ್ಪರ್ ನಂಟಿನ ತಿರುಳನ್ನು ತೆಗೆದ ಮೇಲೆ ಬ್ರಿಕ್ ಕುಡಿಯುವುದಕ್ಕೆ ಬೇರೆ ಕಾರಣ ಬೇಕಾಯಿತು. ಅವನು ದೊಡ್ಡವನಾಗಿ ಬೆಳೆಯಲೊಲ್ಲದ ಹುಡುಗ, ಅಪ್ಪನ ಪ್ರೀತಿ ಸಿಗದವನು ಎಂದು ಮಾಡಿದರು. ಆ ರೋಗಕ್ಕೆ ಮದ್ದು ಅಪ್ಪನೇ ತಾನೆ? ಹಾಗಾಗಿ ಮನೆಯ ನೆಲಮಾಳಿಗೆಯಲ್ಲಿ ಇಬ್ಬರೂ ಕಣ್ಣೀರಿಟ್ಟು ರಾಜಿಯಾಗುವ ದೃಶ್ಯ ಹುಟ್ಟಿತು. ಒಂದು ಎಳೆ ಕಿತ್ತದ್ದಕ್ಕೆ ಇಡೀ ನೇಯ್ಗೆಯೇ ಬದಲಾಯಿತು.

ಸಿನಿಮಾದಲ್ಲಿ ಕಾಣದ ಇನ್ನೊಂದು ನಷ್ಟವೂ ಇದೆ. ನಾಟಕ ನಡೆಯುವುದು ಒಂದೇ ಸಂಜೆ, ಒಂದೇ ಮಲಗುವ ಕೋಣೆಯಲ್ಲಿ, ಮಧ್ಯೆ ದೊಡ್ಡ ಮಂಚ. ಆ ಕೋಣೆ ಜಮೀನಿನ ಹಿಂದಿನ ಒಡೆಯರಾದ ಜ್ಯಾಕ್ ಸ್ಟ್ರಾ ಮತ್ತು ಪೀಟರ್ ಒಚೆಲ್ಲೊ ಎಂಬಿಬ್ಬರು ಗಂಡಸರು ಜೀವನವಿಡೀ ಜೊತೆಯಾಗಿ ಬಾಳಿದ ಕೋಣೆ ಎಂದು ವಿಲಿಯಮ್ಸ್ ರಂಗಸಜ್ಜಿಕೆಯ ಟಿಪ್ಪಣಿಯಲ್ಲೇ ಬರೆಯುತ್ತಾರೆ. ಬ್ರಿಕ್ ಹೇಸಿಕೊಳ್ಳುವ ವಿಷಯ ಅವನು ನಿಂತ ನೆಲದಲ್ಲೇ ಇದೆ. ಸಿನಿಮಾ ಮನೆ ತುಂಬ, ಅಂಗಳದ ತುಂಬ ಓಡಾಡುತ್ತದೆ, ಕೋಣೆ ಬರೀ ಕೋಣೆಯಾಗುತ್ತದೆ.

'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್' ಇಷ್ಟು ಕೆಡಲಿಲ್ಲ. 1947ರ ಡಿಸೆಂಬರ್ 3ರಂದು ರಂಗಕ್ಕೆ ಬಂದ ನಾಟಕವನ್ನು ಕಜಾನ್ ಅವರೇ 1951ರಲ್ಲಿ ಸಿನಿಮಾ ಮಾಡಿದರು. ಮಾರ್ಲನ್ ಬ್ರಾಂಡೊ, ಕಿಮ್ ಹಂಟರ್, ಕಾರ್ಲ್ ಮಾಲ್ಡನ್ ರಂಗದಿಂದಲೇ ಬಂದವರು. ರಂಗದ ಮೇಲೆ ನಾಯಕಿ ಬ್ಲಾಂಚ್ ಆಗಿದ್ದ ಜೆಸಿಕಾ ಟ್ಯಾಂಡಿ ಜಾಗಕ್ಕೆ, ಲಂಡನ್‌ನಲ್ಲಿ ಅದೇ ಪಾತ್ರ ಮಾಡಿದ್ದ ವಿವಿಯನ್ ಲೀ ಬಂದರು. ಚಿತ್ರಕಥೆಯಲ್ಲಿ ವಿಲಿಯಮ್ಸ್ ಹೆಸರೂ ಇದೆ. ಆದರೂ ಎರಡು ಕಡೆ ಕತ್ತರಿ ಬಿದ್ದಿದೆ.

ಒಂದು, ಬ್ಲಾಂಚ್‌ಳ ಗಂಡ ಆಲನ್. ನಾಟಕದಲ್ಲಿ ಅವಳು ಕೋಣೆಗೆ ಹೋದಾಗ ಅವನು ಇನ್ನೊಬ್ಬ ಗಂಡಸಿನ ಜೊತೆಗಿರುತ್ತಾನೆ. ಆ ರಾತ್ರಿ ಕುಣಿಯುತ್ತಿರುವಾಗ ಅವಳು ತನ್ನ ಅಸಹ್ಯವನ್ನು ಹೇಳಿಬಿಡುತ್ತಾಳೆ, ಅವನು ಹೊರಗೋಡಿ ಗುಂಡು ಹಾರಿಸಿಕೊಳ್ಳುತ್ತಾನೆ. ಸಿನಿಮಾದಲ್ಲಿ ಅವನು ಬರೀ ದುರ್ಬಲ, ರಾತ್ರಿ ಅಳುವವನು. ಮಾತು ತೇಲುತ್ತದೆ, ಸಿನಿಮಾ ಮಾತ್ರ ನೋಡಿದವರಿಗೆ ಅವಳ ಪಾಪಪ್ರಜ್ಞೆ ಯಾಕಿಷ್ಟು ಭಾರ ಎಂಬುದು ಹತ್ತುವುದಿಲ್ಲ. ಎರಡು, ಕೊನೆ. ತಂಗಿ ಸ್ಟೆಲ್ಲಾಳ ಗಂಡ ಸ್ಟ್ಯಾನ್ಲಿ ಬ್ಲಾಂಚ್‌ಳ ಮೇಲೆ ಮಾಡಿದ ಅತ್ಯಾಚಾರವನ್ನು ಉಳಿಸಿಕೊಳ್ಳಲು ವಿಲಿಯಮ್ಸ್, ಕಜಾನ್ ಇಬ್ಬರೂ ಹೋರಾಡಿದರು, ಅದಕ್ಕೆ ಬೆಲೆಯಾಗಿ ಸ್ಟ್ಯಾನ್ಲಿಗೆ ಶಿಕ್ಷೆ ತೋರಿಸಬೇಕಾಯಿತು. ಸಿನಿಮಾದಲ್ಲಿ ಸ್ಟೆಲ್ಲಾ ಇನ್ನು ಆ ಮನೆಗೆ ಕಾಲಿಡುವುದಿಲ್ಲ ಎಂದು ಕೂಸನ್ನೆತ್ತಿಕೊಂಡು ಮಹಡಿ ಹತ್ತುತ್ತಾಳೆ. ನಾಟಕದಲ್ಲಿ ಅಕ್ಕನ ಮಾತನ್ನು ನಂಬಿದರೆ ಸ್ಟ್ಯಾನ್ಲಿ ಜೊತೆ ಬದುಕಲಾರೆ ಎಂದು ಮೊದಲೇ ಹೇಳಿಕೊಂಡವಳು ಕೊನೆಗೆ ಅವನ ತೋಳಿನಲ್ಲೇ ಬಿಕ್ಕುತ್ತಾಳೆ. ಪಕ್ಕದ ಮೇಜಿನಲ್ಲಿ ಇಸ್ಪೀಟು ಹಂಚುತ್ತ ಒಬ್ಬ ಮುಂದಿನ ಆಟದ ಹೆಸರು ಕೂಗುತ್ತಾನೆ. ಬ್ಲಾಂಚ್‌ಳನ್ನು ಹುಚ್ಚಾಸ್ಪತ್ರೆಗೆ ಕಳಿಸಿದ ಮನೆಯಲ್ಲಿ ಎಲೆ ಹಂಚುವುದು ನಿಲ್ಲುವುದಿಲ್ಲ. ಅನುವಾದದಲ್ಲಿ ಆಟದ ಹೆಸರು ಏನಾದರೂ ಆಗಬಹುದು, ಆ ಮಾತು ಮಾತ್ರ ಕೊನೆಯದಾಗಿಯೇ ಇರಬೇಕು.

ಈ ಚಿತ್ರವನ್ನು ನೋಡುವಾಗ ಅವಧಿ ಗಮನಿಸಿ. ಕ್ಯಾಥೊಲಿಕ್ ಸಂಘಟನೆ 'ಲೀಜನ್ ಆಫ್ ಡೀಸೆನ್ಸಿ'ಯ ಒತ್ತಡಕ್ಕೆ ಸ್ಟುಡಿಯೋ, ಕಜಾನ್‌ಗೆ ಹೇಳದೆಯೇ, ಕೆಲವು ನಿಮಿಷ ಕತ್ತರಿಸಿತ್ತು. ಸ್ಟೆಲ್ಲಾ ಮೆಟ್ಟಿಲಿಳಿದು ಬರುವ ಪ್ರಸಿದ್ಧ ದೃಶ್ಯದ ಹತ್ತಿರದ ಶಾಟ್‌ಗಳು ಹೋದವು, ಅಲ್ಲಿದ್ದ ಆಲೆಕ್ಸ್ ನಾರ್ತ್ ಅವರ ಜಾಜ್ ಸಂಗೀತವೂ ಬದಲಾಯಿತು. 1993ರಲ್ಲಿ ಅವನ್ನು ಮರಳಿ ಸೇರಿಸಿದರು. 122 ನಿಮಿಷದ್ದು ಹಳೆಯದು, 125 ನಿಮಿಷದ್ದು ಪೂರ್ಣ.

ಈ ನಾಟಕವನ್ನು ನಮ್ಮ ಭಾಷೆಗೆ ತರುವವರು ಎರಡು ಕಡೆ ಎಡವುತ್ತಾರೆ. ಮೊದಲನೆಯದು ಹೆಸರುಗಳು. 'ಡಿಸೈರ್' ಎಂಬ ಟ್ರಾಮು ಹತ್ತಿ, 'ಸೆಮೆಟರೀಸ್' ಎಂಬುದಕ್ಕೆ ಬದಲಾಯಿಸಿ, 'ಎಲಿಸಿಯನ್ ಫೀಲ್ಡ್ಸ್'ನಲ್ಲಿ ಇಳಿದೆ ಎನ್ನುತ್ತಾಳೆ ಬ್ಲಾಂಚ್. ಇವೆಲ್ಲ ನ್ಯೂ ಆರ್ಲಿಯನ್ಸ್‌ನ ನಿಜವಾದ ಹೆಸರುಗಳು. ಡಿಸೈರ್ ಮಾರ್ಗದ ಟ್ರಾಮು 1948ರಲ್ಲಿ ನಿಂತು ಬಸ್ಸು ಬಂತು. ಬಯಕೆಯಿಂದ ಹೊರಟು ಸ್ಮಶಾನದ ಮೂಲಕ ಸತ್ತವರ ಸ್ವರ್ಗಕ್ಕೆ ಎಂಬ ಅರ್ಥವನ್ನು ಊರೇ ಒದಗಿಸಿದೆ. ಹೆಸರನ್ನು ಹಾಗೇ ಇಟ್ಟರೆ ಅರ್ಥ ಹೋಗುತ್ತದೆ, ಕನ್ನಡಿಸಿದರೆ ಊರು ಹೋಗುತ್ತದೆ. ಹೆಸರು ಉಳಿಸಿ, ಬ್ಲಾಂಚ್ ಆ ಚೀಟಿಯನ್ನು ಓದುವಾಗಲೇ ಅರ್ಥವನ್ನೂ ತಾನೇ ಗೊಣಗಿಕೊಳ್ಳುವಂತೆ ಮಾಡುವುದು ಮೇಲು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವಳಿಗೆ ಅದು ಒಪ್ಪುತ್ತದೆ.

ಎರಡನೆಯದು 'ವಾರ್ಸುವಿಯಾನಾ' ಎಂಬ ಪೋಲ್ಕಾ ಧಾಟಿ. ಆಲನ್ ಸತ್ತಾಗ ಬ್ಯಾಂಡು ನುಡಿಸುತ್ತಿದ್ದದ್ದು ಅದು. ಬ್ಲಾಂಚ್‌ಳ ತಲೆಯೊಳಗೆ ಮತ್ತೆ ಮತ್ತೆ ಕೇಳಿ, ಗುಂಡಿನ ಸದ್ದಾದ ಮೇಲೆ ನಿಲ್ಲುತ್ತದೆ. ಅವಳಿಗೂ ಪ್ರೇಕ್ಷಕರಿಗೂ ಮಾತ್ರ ಕೇಳಿಸುವ ಸದ್ದು. ತಾಲೀಮಿನಲ್ಲಿ ಆಗುವ ತಪ್ಪೆಂದರೆ ಅದನ್ನು ಶೋಕದ ಹಿನ್ನೆಲೆ ಸಂಗೀತವಾಗಿ ಬಳಸುವುದು. ಅದು ಕುಣಿತದ ಧಾಟಿಯೇ ಆಗಿರಬೇಕು. ಬೇರೆ ಪಾತ್ರಧಾರಿಗಳು ಅದಕ್ಕೆ ರೆಪ್ಪೆಯನ್ನೂ ಅಲ್ಲಾಡಿಸಬಾರದು.

'ದ ಗ್ಲಾಸ್ ಮೆನಾಜರಿ'ಯಲ್ಲೂ ಪ್ರತಿಯ ಪ್ರಶ್ನೆ ಇದೆ. ಓದುವ ಆವೃತ್ತಿಯಲ್ಲಿ ಪರದೆಯ ಮೇಲೆ ಬರಹ, ಚಿತ್ರ ಮೂಡಿಸುವ ಸೂಚನೆಗಳಿವೆ. ಮೊದಲ ಪ್ರಯೋಗದಲ್ಲಿ ಅವನ್ನು ಕೈಬಿಟ್ಟರು, ಡ್ರಾಮಾಟಿಸ್ಟ್ಸ್ ಪ್ಲೇ ಸರ್ವಿಸ್ ಎಂಬ ಪ್ರಕಾಶನದ ನಟನಾಪ್ರತಿಯಲ್ಲೂ ಅವಿಲ್ಲ. 1950ರ ಸಿನಿಮಾ ನಾಟಕದ ಅಕ್ಕ ಲಾರಾಳಿಗೆ ಇನ್ನೊಬ್ಬ ಗಂಡನ್ನು ಬಾಗಿಲಿಗೆ ತಂದು ನಿಲ್ಲಿಸಿ ಮುಗಿಯುತ್ತದೆ. ಅಕ್ಕನನ್ನು ಬಿಟ್ಟುಹೋದ ತಮ್ಮ ಎಂದೂ ಬಿಡುಗಡೆ ಕಾಣದ ಕಥೆಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಪಾಲ್ ನ್ಯೂಮನ್ ನಿರ್ದೇಶಿಸಿದ 1987ರ ಚಿತ್ರ ಪಠ್ಯಕ್ಕೆ ನಿಷ್ಠವಾಗಿದೆ, ಅದನ್ನು ನೋಡಿ. ಶ್ಯಾಮಪ್ರಸಾದ್ ಅವರ ಮಲಯಾಳಂ ಚಿತ್ರ 'ಅಗಲೆ'ಯನ್ನೂ (2004) ಬಿಡಬೇಡಿ. ಕಥೆಯನ್ನು ಕೇರಳದ ಆಂಗ್ಲೋ-ಇಂಡಿಯನ್ ಕುಟುಂಬಕ್ಕೆ ತಂದದ್ದು ಜಾಣ ನಿರ್ಧಾರ. ಮಗಳನ್ನು ನೋಡಲು ಯುವಕ ಊಟಕ್ಕೆ ಬರುವ ಪದ್ಧತಿಯೂ, ಕಳೆದುಹೋದ ವೈಭವವನ್ನು ನೆನೆಯುತ್ತ ಕೂರುವ ತಾಯಿಯೂ ಅಲ್ಲಿ ಸಹಜವಾಗಿ ಕೂರುತ್ತವೆ. ತಾಯಿಯ ಪಾತ್ರಕ್ಕೆ ಶೀಲಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಉಳಿದವುಗಳಲ್ಲಿ 'ಸ್ವೀಟ್ ಬರ್ಡ್ ಆಫ್ ಯೂತ್' ಒಂದರ ಬಗ್ಗೆ ಎಚ್ಚರಿಸಬೇಕು. ನಾಟಕದಲ್ಲಿ ನಾಯಕನ ಬೀಜ ಒಡೆಸಲು ಜನ ಕಾದಿರುತ್ತಾರೆ. 1962ರ ಸಿನಿಮಾದಲ್ಲಿ ಅವನ ಮುಖಕ್ಕೆ ಹೊಡೆದು, ಪ್ರೇಯಸಿಯ ಜೊತೆ ಊರು ಬಿಡಿಸುತ್ತಾರೆ. ಅದನ್ನು ನೋಡಿ ನಾಟಕ ಬಲ್ಲೆವು ಎನ್ನುವಂತಿಲ್ಲ.

ಆಡಿಸುವ ಯೋಚನೆ ಇರುವ ತಂಡಗಳಿಗೆ: ವಿಲಿಯಮ್ಸ್ ತೀರಿಕೊಂಡದ್ದು 1983ರ ಫೆಬ್ರವರಿ 25ರಂದು. ಭಾರತದ ಕಾನೂನಿನಂತೆ ಲೇಖಕರು ಸತ್ತ ವರ್ಷದ ನಂತರ 60 ವರ್ಷ ಹಕ್ಕು ಉಳಿಯುತ್ತದೆ, ಅಂದರೆ 2043ರ ಕೊನೆಯವರೆಗೆ. ಹಕ್ಕುಗಳನ್ನು ಅವರು ಟೆನೆಸ್ಸೀಯ ಸಿವಾನಿಯಲ್ಲಿರುವ 'ಯೂನಿವರ್ಸಿಟಿ ಆಫ್ ದ ಸೌತ್'ಗೆ ಬಿಟ್ಟುಹೋಗಿದ್ದಾರೆ. ಪ್ರಯೋಗಕ್ಕೊಂದು, ಅನುವಾದಕ್ಕೊಂದು ಪ್ರತ್ಯೇಕ ಅನುಮತಿ ಬೇಕು. ಅರ್ಜಿ ಬರೆಯುವಾಗ ನಾಟಕದ ಹೆಸರಿನ ಜೊತೆ ಯಾವ ಪಾಠ ಎಂಬುದನ್ನೂ ಬರೆಯಿರಿ. 'ಕ್ಯಾಟ್' ಆದರೆ ಮೂರನೆಯ ಅಂಕದ ವರ್ಷ ನಮೂದಿಸದಿದ್ದರೆ, ತಾಲೀಮು ಮಾಡಿದ್ದು ಒಂದು, ಅನುಮತಿ ಬಂದದ್ದು ಇನ್ನೊಂದು ಆಗಬಹುದು.