ಹೊಟ್ಟೆ ಮತ್ತೆ ಹಿಗ್ಗಿಬಿಟ್ಟಿದೆಯಾ?

ಪ್ರಶ್ನೆ: ತೂಕ ಇಳಿಸುವ ಆಪರೇಷನ್ ಆಗಿ ಒಂದೂವರೆ ವರ್ಷ ಆಯಿತು. ಮೊದಮೊದಲು ನಾಲ್ಕು ಚಮಚಕ್ಕೇ ಹೊಟ್ಟೆ ತುಂಬುತ್ತಿತ್ತು. ಈಗ ಅರ್ಧ ತಟ್ಟೆ ಆರಾಮಾಗಿ ಇಳಿಯುತ್ತದೆ. ಡಯಟ್ ಪ್ಲಾನ್ ಹಳಿ ತಪ್ಪಿದೆ, ತೂಕ 3 ಕೆ.ಜಿ. ಏರಿದೆ. ಹೊಟ್ಟೆ ಹಿಗ್ಗಿರಬೇಕು ಅನ್ನಿಸುತ್ತಿದೆ. ಐದು ದಿನದ ‘ಪೌಚ್ ರಿಸೆಟ್’ (ಪೌಚ್ ಅಂದರೆ ಆಪರೇಷನ್ ಆದ ಮೇಲೆ ಉಳಿಯುವ ಪುಟ್ಟ ಹೊಟ್ಟೆ) ಮಾಡಿದರೆ ಮತ್ತೆ ಚಿಕ್ಕದಾಗುತ್ತದಂತೆ, ನಿಜವಾ?

ಉತ್ತರ: ಇಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಬರೀ ‘ಇಲ್ಲ’ ಅಂದರೆ ಯಾರೂ ನಂಬುವುದಿಲ್ಲ ಅಂತ ಅನುಭವದಿಂದ ಗೊತ್ತಾಗಿದೆ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಹಾಗಾಗಿ ಈ ಸಲ ಬುಡದಿಂದ ಹೇಳುತ್ತೇನೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುವವಳು.

ಮೊದಲು ‘ಆಗ ನಾಲ್ಕು ಚಮಚ, ಈಗ ಅರ್ಧ ತಟ್ಟೆ’ ಅನ್ನುವ ಲೆಕ್ಕ ನೋಡೋಣ. ಆಪರೇಷನ್ ಆದ ಹೊಸದರಲ್ಲಿ ಜಠರ ಕುಯ್ದು ಹೊಲಿದ ಗಾಯ. ಒಳಗೆಲ್ಲ ಊತ. ಕಾಲು ಉಳುಕಿ ಬಾತುಕೊಂಡಾಗ ದಿನಾ ಹಾಕುವ ಚಪ್ಪಲಿಯೇ ಬಿಗಿಯಾಗುತ್ತದೆ. ಊತ ಇಳಿದ ಮೇಲೆ ಅದೇ ಚಪ್ಪಲಿ ಸಲೀಸಾಗಿ ಹಿಡಿಯುತ್ತದೆ. ಅಯ್ಯೋ, ಚಪ್ಪಲಿ ಹಿಗ್ಗಿಹೋಯಿತು ಅಂತ ಆಗ ಯಾರಾದರೂ ಅಳುತ್ತಾರಾ? ನಿಮ್ಮ ನಾಲ್ಕು ಚಮಚ ಊತದ ಕಾಲದ್ದು. ಅದು ಹಾಗೇ ಉಳಿಯಲಿ ಅಂತ ಯಾವ ಸರ್ಜನ್ನೂ ಆಪರೇಷನ್ ಮಾಡುವುದಿಲ್ಲ. ಹಾಗೇ ಉಳಿದಿದ್ದರೆ ದಿನಕ್ಕೆ ಬೇಕಾದ 60ರಿಂದ 80 ಗ್ರಾಂ ಪ್ರೊಟೀನನ್ನು ಆಹಾರದಿಂದಲೇ ತುಂಬಿಸುವುದು ಹೇಗೆ?

ಎರಡನೆಯದು, ಜಠರ ಚೀಲವಲ್ಲ, ಸ್ನಾಯು. ಊಟ ಬಂದಾಗ ಸಡಿಲವಾಗುತ್ತದೆ, ಊಟ ಮುಂದಕ್ಕೆ ಹೋದ ಮೇಲೆ ಮುದುಡಿಕೊಳ್ಳುತ್ತದೆ. ಅದರ ಸ್ವಭಾವವೇ ಅದು. ತೂಕ ಇಳಿಸುವ ಆಪರೇಷನ್ನಿನಲ್ಲಿ ಸ್ಲೀವ್, ಬೈಪಾಸ್ (ಹೃದಯದ್ದಲ್ಲ, ಜಠರದ್ದು) ಅನ್ನುವ ಬಗೆಗಳಿವೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದುಹಾಕುತ್ತಾರೆ. ತುಂಬಾ ಹಿಗ್ಗುವ ಮೇಲಿನ ಗುಮ್ಮಟದಂಥ ಭಾಗವೂ ಅದರ ಜೊತೆಗೇ ಹೋಗುತ್ತದೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕೊಳವೆ. ಬೈಪಾಸ್‌ನಲ್ಲಿ ಮೇಲ್ಗಡೆ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಪೌಚ್ ಮಾಡಿ ಅದಕ್ಕೆ ಕರುಳನ್ನು ಜೋಡಿಸುತ್ತಾರೆ. ಎರಡೂ ಕಾಲ ಕಳೆದ ಹಾಗೆ ಸ್ವಲ್ಪ ಸಡಿಲವಾಗುತ್ತವೆ. ಒಂದು ದಿನ ಎರಡು ತುತ್ತು ಜಾಸ್ತಿ ತಿಂದಿದ್ದಕ್ಕೆ ಎಲ್ಲ ಹಾಳಾಗುವುದಿಲ್ಲ.

ನಿಜವಾಗಿ ಹಿಗ್ಗುವುದೇ ಇಲ್ಲವಾ? ಹಿಗ್ಗುತ್ತದೆ, ಸುಳ್ಳು ಹೇಳುವುದಿಲ್ಲ. ಕೆಲವರಿಗೆ ಪೌಚ್ ದೊಡ್ಡದಾಗುತ್ತದೆ. ಬೈಪಾಸ್ ಆದವರಲ್ಲಿ ಪೌಚ್ ಮತ್ತು ಕರುಳು ಸೇರುವ ಬಾಯಿ ಅಗಲವಾಗುವುದೂ ಉಂಟು. ಆದರೆ ಅದನ್ನು ಎಂಡೋಸ್ಕೋಪಿಯಲ್ಲೋ, ಬೇರಿಯಂ ಕುಡಿಸಿ ತೆಗೆದ ಎಕ್ಸ್‌ರೇಯಲ್ಲೋ ಡಾಕ್ಟರ್ ನೋಡಿ ಹೇಳಬೇಕು. ಮನೆಯಲ್ಲಿ ಕೂತು ಎಷ್ಟು ಹಿಡಿಸುತ್ತದೆ ನೋಡೋಣ ಅಂತ ತಿಂದು ಅಳೆಯುವುದಲ್ಲ.

ಈಗ ರಿಸೆಟ್ ವಿಷಯಕ್ಕೆ ಬರೋಣ. ಎರಡು ದಿನ ಬರೀ ದ್ರವ, ಆಮೇಲೆ ಮೆತ್ತನೆಯದು, ಐದನೇ ದಿನಕ್ಕೆ ಗಟ್ಟಿ ಆಹಾರ. ಇದಾದ ಮೇಲೆ ಹೊಟ್ಟೆ ಹೊಸದರಂತೆ ಆಗುತ್ತದೆ ಅನ್ನುವುದು ನಂಬಿಕೆ. ಸ್ವಲ್ಪ ಯೋಚಿಸಿ. ಹಿಗ್ಗಿದ ಸ್ನಾಯುವನ್ನು ಎರಡು ದಿನದ ಸೂಪು ಹೊಲಿದು ಚಿಕ್ಕದು ಮಾಡುವುದಾದರೆ, ಮೊದಲೇ ಸೂಪು ಕುಡಿಸಿ ಕಳಿಸಬಹುದಿತ್ತಲ್ಲ, ಆಪರೇಷನ್ ಯಾಕೆ ಬೇಕಿತ್ತು? ಅಷ್ಟಕ್ಕೂ ದ್ರವಕ್ಕೆ ಪೌಚ್ ಒಂದು ತಡೆಯೇ ಅಲ್ಲ. ತೂತು ಮಡಕೆಗೆ ನೀರು ಹೊಯ್ದ ಹಾಗೆ ಇಳಿದು ಹೋಗುತ್ತದೆ. ತಡೆ ಇರುವುದು ಗಟ್ಟಿ ಆಹಾರಕ್ಕೆ.

‘ಆದರೆ ಮೇಡಂ, ನನಗೆ ಐದೇ ದಿನದಲ್ಲಿ 2 ಕೆ.ಜಿ. ಇಳಿಯಿತು’ ಅನ್ನುವವರು ಇದ್ದೇ ಇರುತ್ತಾರೆ. ಇಳಿದಿರುತ್ತದೆ, ನಂಬುತ್ತೇನೆ. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಪ್ರತಿ ಗ್ರಾಂ ಜೊತೆಗೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆಯಾದ ತಕ್ಷಣ ದಾಸ್ತಾನು ಖಾಲಿಯಾಗುತ್ತದೆ, ನೀರೂ ಹೋಗುತ್ತದೆ. ತೂಕದ ಯಂತ್ರ ಖುಷಿಪಡಿಸುತ್ತದೆ. ಮುಂದಿನ ವಾರ ಸರಿಯಾಗಿ ಊಟ ಮಾಡಿದಾಗ ಎರಡೂ ವಾಪಸ್. ಕೊಬ್ಬು ಇದ್ದಲ್ಲೇ ಬೆಚ್ಚಗೆ ಕೂತಿರುತ್ತದೆ.

ಒಂದು ಉಪಕಾರ ಆಗುತ್ತದೆ ಅನ್ನಿ. ಐದು ದಿನ ಕುರುಕಲು ತಿಂಡಿ ಬಾಯಿಗೆ ಹೋಗಿರುವುದಿಲ್ಲ, ಐದನೇ ದಿನ ಗಟ್ಟಿ ಪ್ರೊಟೀನ್ ಬೀಳುತ್ತದೆ. ಆಗ ಬೇಗ ಹೊಟ್ಟೆ ತುಂಬುತ್ತದೆ. ಜನ ಅದನ್ನೇ ‘ಹೊಟ್ಟೆ ಚಿಕ್ಕದಾಯಿತು’ ಅನ್ನುತ್ತಾರೆ. ಅರ್ಥ ಆಯ್ತಲ್ಲ? ಹೊಟ್ಟೆ ಅಷ್ಟೇ ಇದೆ, ಅದರೊಳಗೆ ಹೋಗಿದ್ದು ಬದಲಾಯಿತು. ಆ ಐದನೇ ದಿನದ ಊಟವನ್ನೇ ಮೊದಲ ದಿನ ತಿನ್ನಿ, ಸುಮ್ನೆ ನಾಲ್ಕು ದಿನ ಒದ್ದಾಡುವುದು ಉಳಿಯುತ್ತದೆ.

ಹಾಗಾದರೆ 3 ಕೆ.ಜಿ. ಎಲ್ಲಿಂದ ಬಂತು? ಅದು ನಾನು ನಿಮಗೆ ವಾಪಸ್ ಕೇಳಬೇಕಾದ ಪ್ರಶ್ನೆ. ಊಟದ ತಟ್ಟೆಯನ್ನು ಬಿಟ್ಟುಬಿಡಿ. ಊಟ ಊಟದ ನಡುವೆ ಏನು ನಡೆಯುತ್ತಿದೆ? ಚಿಪ್ಸ್, ಬಿಸ್ಕತ್ತು, ಐಸ್‌ಕ್ರೀಂ, ಜ್ಯೂಸ್ ಇವೆಲ್ಲ ಬಾಯಲ್ಲೇ ಕರಗಿ ಜಾರಿಕೊಂಡು ಹೋಗುವ ಪದಾರ್ಥಗಳು. ಇವು ಹೊಟ್ಟೆ ತುಂಬಿಸುವುದಿಲ್ಲ. ಒಂದು ಬಿಸ್ಕತ್ತಿಗೆ 50 ಕ್ಯಾಲೊರಿ ಅಂದುಕೊಳ್ಳಿ. ಗಂಟೆಗೊಂದರಂತೆ ಹತ್ತು ಹೋದರೆ 500. ಚಿಕನ್ ತುಂಡಿಗೆ ‘ಸಾಕು’ ಅನ್ನುವ ಅದೇ ಪೌಚ್, ಈ ಹತ್ತೂ ಬಿಸ್ಕತ್ತಿಗೆ ಗೇಟು ತೆಗೆದು ನಿಲ್ಲುತ್ತದೆ. ಊಟದ ಜೊತೆ ನೀರು ಕುಡಿಯುವ ಅಭ್ಯಾಸ ವಾಪಸ್ ಬಂದಿದ್ದರಂತೂ ತಿಂದದ್ದು ಬೇಗ ಕೆಳಗೆ ಜಾರುತ್ತದೆ. ಊಟವಾದ ಮೇಲೆ ಅರ್ಧ ಗಂಟೆ ಕಾಯಿರಿ ಅಂತ ಆಸ್ಪತ್ರೆಯಲ್ಲಿ ಹೇಳಿದ್ದು ಇದಕ್ಕೇ.

ಇನ್ನೊಂದು ಕಾರಣದಲ್ಲಿ ನಿಮ್ಮ ತಪ್ಪಿಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನ್ ಇದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದದ್ದು. ಇದು ಹೆಚ್ಚಾಗಿ ತಯಾರಾಗುವುದೇ ಜಠರದ ಆ ಗುಮ್ಮಟದಂಥ ಮೇಲಿನ ಭಾಗದಲ್ಲಿ. ಅದಕ್ಕೇ ಸ್ಲೀವ್ ಆದ ಹೊಸದರಲ್ಲಿ ಊಟದ ಯೋಚನೆಯೇ ಬರುವುದಿಲ್ಲ. ಆ ದಿನಗಳಲ್ಲಿ ಡಯಟ್ ಪ್ಲಾನ್ ಪಾಲಿಸುವುದು ದೊಡ್ಡ ಸಾಧನೆಯೇನಲ್ಲ, ಹಸಿವೇ ಇಲ್ಲವಲ್ಲ! ವರ್ಷ ಕಳೆದ ಮೇಲೆ ಹಸಿವು ಮೆಲ್ಲಗೆ ಮರಳುತ್ತದೆ. ದೇಹ ಚಿಕ್ಕದಾಗಿರುವುದರಿಂದ ಅದಕ್ಕೆ ಬೇಕಾದ ಕ್ಯಾಲೊರಿಯೂ ಕಡಿಮೆಯಾಗಿರುತ್ತದೆ. ನಿಜವಾದ ಡಯಟ್ ಶುರುವಾಗುವುದು ಆಗ. ಸ್ವೀಡನ್ನಿನಲ್ಲಿ ಇಂಥ ರೋಗಿಗಳನ್ನು ದಶಕಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನವೊಂದಿದೆ, 1987ರಲ್ಲಿ ಶುರುವಾದದ್ದು. ಅದರಲ್ಲಿ ಬೈಪಾಸ್ ಆದವರು ಮೊದಲೆರಡು ವರ್ಷದಲ್ಲಿ ಸರಾಸರಿ ಶೇ. 32ರಷ್ಟು ತೂಕ ಕಳೆದುಕೊಂಡಿದ್ದರು. ಹತ್ತು ವರ್ಷದ ಹೊತ್ತಿಗೆ ಅದು ಶೇ. 25ಕ್ಕೆ ನಿಂತಿತ್ತು. ಸ್ವಲ್ಪ ವಾಪಸ್ ಬರುವುದು ಸಹಜ ಅಂತ ಆಯಿತಲ್ಲ. 3 ಕೆ.ಜಿ.ಗೆ ಎದೆ ಒಡೆದುಕೊಳ್ಳಬೇಡಿ. ಹಾಗಂತ 10 ಕೆ.ಜಿ. ಆಗುವವರೆಗೆ ಕಾಯಲೂ ಬೇಡಿ.

ಮಾಡಬೇಕಾದದ್ದು ನಿಮಗೆ ಗೊತ್ತಿರುವುದೇ. ತಟ್ಟೆಯಲ್ಲಿ ಮೊದಲು ಪ್ರೊಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಉಳಿದದ್ದು. ಗಂಟೆ ನೋಡಿ ಊಟ, ನಡುವೆ ಬಾಯಿಗೆ ಬೀಗ. ಇಪ್ಪತ್ತು ನಿಮಿಷವಾದರೂ ಕೂತು ತಿನ್ನಿ. ಮತ್ತೆ ನಿಮ್ಮ ದೇಹ ಕೊಡುವ ಸೂಚನೆ ಗುರುತಿಸಿ. ಕೆಲವರಿಗೆ ಬಿಕ್ಕಳಿಕೆ ಬರುತ್ತದೆ, ಕೆಲವರಿಗೆ ಮೂಗು ಸೋರುತ್ತದೆ, ಕೆಲವರಿಗೆ ಎದೆ ಬಿಗಿದ ಹಾಗೆ ಆಗುತ್ತದೆ. ಅದು ಬಂತೆಂದರೆ ಚಮಚ ಕೆಳಗಿಡುವುದು. ‘ಇನ್ನೊಂದೇ ತುತ್ತು’ ಅಂದಿರೋ, ಅದು ಬಂದ ದಾರಿಯಲ್ಲೇ ವಾಪಸ್ ಬರುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಸಂಕಟ ತೋಡಿಕೊಳ್ಳುತ್ತೇನೆ. ಹೊಟ್ಟೆಯ ಅಳತೆ ಬಗ್ಗೆ ಎಲ್ಲರೂ ಕೇಳುತ್ತಾರೆ. ವಿಟಮಿನ್ ಮಾತ್ರೆ ನಿಲ್ಲಿಸಬಹುದಾ ಅಂತ ಯಾರೂ ಕೇಳುವುದಿಲ್ಲ. ಕೇಳದೇ ನಿಲ್ಲಿಸಿಬಿಡುತ್ತಾರೆ! ಯಾಕೆ ನಿಲ್ಲಿಸಿದಿರಿ ಅಂತ ನಾನು ಕೇಳಿದರೆ, ‘ಚೆನ್ನಾಗೇ ಇದ್ದೀನಲ್ಲ, ಯಾಕೆ ಬೇಕು?’ ಅನ್ನುತ್ತಾರೆ. ಡಯಟ್ ಪ್ಲಾನ್‌ನಲ್ಲಿ ಮಾತ್ರೆಯೂ ಸೇರಿದೆ, ಅದೂ ಜೀವನಪೂರ್ತಿ. ಬಿ12 ಇದೆಯಲ್ಲ, ಅದು ಲಿವರ್‌ನಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ಕೂಡಿಟ್ಟಿರುತ್ತದೆ. ಬೈಪಾಸ್ ಆದ ಮೇಲೆ ಆಹಾರದಿಂದ ಬಿ12 ಹೀರಿಕೊಳ್ಳುವುದು ತುಂಬಾ ಕಡಿಮೆಯಾಗುತ್ತದೆ. ಆದರೂ ಹಳೆಯ ಗಂಟು ಕರಗುವವರೆಗೆ ನೀವು ಚೆನ್ನಾಗೇ ಇರುತ್ತೀರಿ. ಆಮೇಲೆ ಪಾದ ಜೋಮು ಹಿಡಿಯುತ್ತದೆ, ಮರೆವು ಬರುತ್ತದೆ. ನರಕ್ಕೆ ಆದ ಹಾನಿ ಕೆಲವೊಮ್ಮೆ ಪೂರ್ತಿ ವಾಸಿಯಾಗುವುದೇ ಇಲ್ಲ.

ಥಯಮಿನ್, ಅಂದರೆ ಬಿ1, ಇದಕ್ಕೆ ಉಲ್ಟಾ. ಅದರ ದಾಸ್ತಾನು ಕೆಲವೇ ವಾರದ್ದು. ಆಪರೇಷನ್ ಆದವರಿಗೆ ದಿನಗಟ್ಟಲೆ ವಾಂತಿ ನಿಲ್ಲದಿದ್ದರೆ, ನಡೆಯುವಾಗ ತೂರಾಡಿದರೆ, ಒಂದು ಎರಡಾಗಿ ಕಂಡರೆ ಮನೆಯಲ್ಲಿ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಎರಡನ್ನೂ ಒಟ್ಟಿಗೇ ನುಂಗುವವರೂ ಇದ್ದಾರೆ. ಒಂದು ಇನ್ನೊಂದನ್ನು ಹೀರಿಕೊಳ್ಳಲು ಬಿಡುವುದಿಲ್ಲ. ನಡುವೆ ಎರಡು ಗಂಟೆಯಾದರೂ ಅಂತರ ಇರಲಿ.

ಅಂದ ಹಾಗೆ, ಪ್ರಶ್ನೆ ಕಳಿಸಿದವರೇ, ನೀವು ಕೊನೆಯ ಸಲ ಬಿ12 ರಕ್ತಪರೀಕ್ಷೆ ಮಾಡಿಸಿ ಎಷ್ಟು ದಿನ ಆಯಿತು?