ಬೆಂಚಿನ ಹುಡುಗ ಮೊದಲ ಐವರಲ್ಲಿ ನಿಲ್ಲುತ್ತಾನಾ?

ಬಳ್ಳಾರಿಯ ಬಿಸಿಲಿಗೆ ಹೆದರಿ ಬೇಸಿಗೆಯಲ್ಲಿ ನಮ್ಮ ಬ್ಯಾಸ್ಕೆಟ್‌ಬಾಲ್ ಹುಡುಗರಿಗೆ ಬೆಳಿಗ್ಗೆ ಆರಕ್ಕೇ ಅಭ್ಯಾಸ ಶುರು ಮಾಡಿಸುತ್ತೇನೆ. ಒಂಬತ್ತಾದರೆ ಸಿಮೆಂಟ್ ಕೋರ್ಟಿನ ಮೇಲೆ ಅಂಗೈ ಊರುವ ಹಾಗಿಲ್ಲ. ಮೊನ್ನೆ ಹುಡುಗರೆಲ್ಲ ಒಗ್ಗರಣೆ-ಮಿರ್ಚಿಗೆ ಹೊರಟ ಮೇಲೂ ಗೇಟಿನ ಹತ್ತಿರ ಒಬ್ಬರು ನಿಂತಿದ್ದರು. ನಮ್ಮ ಬದಲಿ ಫಾರ್ವರ್ಡ್‌ನ (ರಿಂಗಿನ ಹತ್ತಿರ ಆಡುವವನ) ತಂದೆ. ಮೊಬೈಲಿನಲ್ಲಿ ಲೆಕ್ಕ ಹಾಕಿಕೊಂಡೇ ಬಂದಿದ್ದರು. "ಸರ್, ಹನ್ನೆರಡು ನಿಮಿಷಕ್ಕ ಎಂಟು ಪಾಯಿಂಟ್ ಹೊಡೀತಾನ. ಮೂವತ್ತಾರು ನಿಮಿಷ ಆಡಿಸಿದ್ರ ಇಪ್ಪತ್ನಾಲ್ಕು ಆತಲ್ರೀ?"

ಗುಣಾಕಾರ ಸರಿಯೇ. ಅದನ್ನು ಫೌಲಿಗೂ ಮಾಡಬೇಕಲ್ಲ! ಅದೇ 12 ನಿಮಿಷದಲ್ಲಿ ಅವನ ಫೌಲು ಮೂರು. ಅಂದರೆ ನಾಲ್ಕು ನಿಮಿಷಕ್ಕೊಂದು. ಐದಾದರೆ ಹೊರಗೆ. 40 ನಿಮಿಷದ ಪಂದ್ಯದಲ್ಲಿ ಈ ಲೆಕ್ಕಕ್ಕೆ ಅವನು 20ನೇ ನಿಮಿಷಕ್ಕೇ ಟವೆಲ್ ಹೊದ್ದು ಕೂತಿರುತ್ತಾನೆ.

ಇನ್ನು ಆ ಎಂಟು ಪಾಯಿಂಟ್ ಯಾರ ಎದುರು ಬಂದವು? ಅವನು ಇಳಿಯುವುದು ಎರಡನೇ ಕ್ವಾರ್ಟರಿನ, ಅಂದರೆ ಪಂದ್ಯದ ನಾಲ್ಕು ಭಾಗಗಳಲ್ಲಿ ಎರಡನೆಯದರ, ನಡುವೆ. ಆ ಹೊತ್ತಿಗೆ ಎದುರಿನವರ ಒಳ್ಳೆಯ ಡಿಫೆಂಡರ್ ನೀರು ಕುಡಿಯುತ್ತಿರುತ್ತಾನೆ. ಮೊದಲ ನಿಮಿಷದಿಂದ ಆಡಿದರೆ ಅವನೇ ಇವನ ಬೆನ್ನಿಗೆ ಬೀಳುತ್ತಾನೆ.

ನಾನು ಚೆಂಡು ನೋಡುವುದಿಲ್ಲ, ನಮ್ಮ ಹುಡುಗನ ಕಾಲು ನೋಡುತ್ತೇನೆ. ಯಾರೋ ಶಾಟ್ ಎತ್ತಿದ ಕ್ಷಣ ಇವನ ಕತ್ತು ರಿಂಗಿನ ಕಡೆ ಹೋಗುತ್ತದೆ, ಪಾದ ನಿಂತಲ್ಲೇ ಇರುತ್ತದೆ. ನಮ್ಮ ಈಗಿನ ಫಾರ್ವರ್ಡ್ ಹಾಗಲ್ಲ. ಮೊದಲು ಮೊಣಕೈ ಮಡಚಿ ತನ್ನ ಆಳನ್ನು, ಅಂದರೆ ತಾನು ತಡೆಯಬೇಕಾದ ಎದುರಾಳಿಯನ್ನು, ಹುಡುಕುತ್ತಾನೆ, ತಿರುಗಿ ಸೊಂಟ ತಾಗಿಸಿ, ಮಂಡಿ ಬಾಗಿಸಿ ದಾರಿ ತಡೆದು ಕೂರುತ್ತಾನೆ, ಆಮೇಲೆ ಚೆಂಡು. ಅವನಿಗೆ ಪಾಯಿಂಟ್ ಬರುವುದು ಕಡಿಮೆ, ಆದರೆ ಅವನು ಹಾಕುವ ಸ್ಕ್ರೀನಿನ (ಎದುರಾಳಿಯ ದಾರಿಗೆ ಅಡ್ಡ ನಿಲ್ಲುವುದು) ಮೇಲೇ ಚೆಂಡು ನಡೆಸುವ ನಮ್ಮ ಗಾರ್ಡ್‌ಗಳ ಆಟ ನಿಂತಿದೆ. ಇದು ಸ್ಕೋರ್‌ಶೀಟಿನಲ್ಲಿ ಕಾಣುವುದಿಲ್ಲ. ಇನ್ನೊಂದು ವಿಷಯ: ಫೌಲು ಆಗುವುದು ಕೈಯಿಂದ, ಹುಟ್ಟುವುದು ಕಾಲಿನಲ್ಲಿ. ಏಳೆಂಟು ನಿಮಿಷ ಆದ ಮೇಲೆ ಇವನ ಮಂಡಿ ನೆಟ್ಟಗಾಗುತ್ತದೆ, ಪಕ್ಕಕ್ಕೆ ಸರಿಯಲು ಆಗದೆ ಕೈ ಚಾಚುತ್ತಾನೆ, ಸೀಟಿ ಊದುತ್ತದೆ.

ಪಾಲಕರು ಕೆಲವರು ಅಮೆರಿಕದ ಆಟಗಾರ ಆಂಡ್ರೆ ಇಗ್ವೊಡಾಲನ ಉದಾಹರಣೆ ಕೊಡುತ್ತಾರೆ. 2015ರಲ್ಲಿ ಅಲ್ಲಿನ ದೊಡ್ಡ ಲೀಗ್ ಎನ್‌ಬಿಎಯ ಫೈನಲ್ಸ್‌ನಲ್ಲಿ ಅವನ ತಂಡ ಗೋಲ್ಡನ್ ಸ್ಟೇಟ್ 1-2 ಪಂದ್ಯಗಳಿಂದ ಹಿಂದಿದ್ದಾಗ, ಸೆಂಟರ್ ಬೋಗಟ್‌ನನ್ನು ಕೂರಿಸಿ, ಆ ಸೀಸನ್ನಿನಲ್ಲಿ ಒಂದೂ ಪಂದ್ಯ ಮೊದಲಿನಿಂದ ಆಡದ ಅವನನ್ನು ನಾಲ್ಕನೇ ಪಂದ್ಯಕ್ಕೆ ಇಳಿಸಿದರು. ತಂಡ ಗೆದ್ದಿತು, ಫೈನಲ್ಸ್‌ನ ಶ್ರೇಷ್ಠ ಆಟಗಾರನೂ ಅವನೇ ಆದ. ನಿಜ. ಆದರೆ ಅದಕ್ಕೂ ಹಿಂದೆ 2004ರಿಂದ ಹತ್ತು ವರ್ಷ ಅವನು ಮೊದಲ ಐವರಲ್ಲೇ ಆಡಿದ್ದ ಎಂಬುದನ್ನು ಯಾರೂ ಹೇಳುವುದಿಲ್ಲ.

ಹಾಗಂತ ಬೆಂಚಿನಲ್ಲೇ ಕೊಳೆಸಬೇಕೇ? ಇಲ್ಲ. ನನ್ನದೊಂದು ಪದ್ಧತಿ ಇದೆ: ಬಡ್ತಿಗೆ ಮೊದಲು ಮೂರನೇ ಕ್ವಾರ್ಟರ್. ವಿರಾಮದ 15 ನಿಮಿಷದಲ್ಲಿ ಮೈ ತಣ್ಣಗಾಗಿರುತ್ತದೆ, ಎದುರಿನವರು ತಮ್ಮ ಗಟ್ಟಿ ಐವರನ್ನೇ ಮತ್ತೆ ಇಳಿಸಿರುತ್ತಾರೆ. ಮೊದಲ ಕ್ವಾರ್ಟರಿನ ಕಷ್ಟವೆಲ್ಲ ಇಲ್ಲೇ ಸಿಗುತ್ತದೆ, ಅದೂ ಹುಡುಗನ ಮೇಲೆ ದೊಡ್ಡ ಹೆಸರಿನ ಭಾರ ಹೊರಿಸದೆ. ಮೂರ್ನಾಲ್ಕು ಪಂದ್ಯ ಹೀಗೆ ಆಡಿಸಿದರೆ ಬಣ್ಣ ಗೊತ್ತಾಗುತ್ತದೆ.

ಮೊದಲ ಎರಡು ಸಲ ಇವನು ಐದು ನಿಮಿಷಕ್ಕೇ ಎರಡೆರಡು ಫೌಲು ಮಾಡಿಕೊಂಡ. ಆಮೇಲೆ ಎರಡು ವಾರ ಚೆಂಡು ಕೊಡದೆ, ಬರೀ ಪಕ್ಕಕ್ಕೆ ಸರಿಯುವುದು, ತಿರುಗಿ ಕೂರುವುದು ಮಾಡಿಸಿದೆ. ಮುಖ ಊದಿಸಿಕೊಂಡೇ ಮಾಡಿದ. ಕಳೆದ ಭಾನುವಾರ ಮೂರನೇ ಕ್ವಾರ್ಟರಿನಲ್ಲಿ ಎಂಟು ನಿಮಿಷ ನಿಂತ. ಎರಡೇ ಪಾಯಿಂಟ್, ಒಂದೇ ಫೌಲು. ಅವನ ಆಳಿಗೆ ನಮ್ಮ ರಿಂಗಿನ ಕೆಳಗೆ ಒಂದೂ ರಿಬೌಂಡ್ (ಗುರಿ ತಪ್ಪಿ ಮರಳಿದ ಚೆಂಡು) ಸಿಗಲಿಲ್ಲ.

ತಂದೆಗೆ ಬೇಸರ. "ಎರಡೇ ಆತಲ್ರೀ ಸರ್." ಮುಂದಿನ ಪಂದ್ಯದ ಸ್ಕೋರ್‌ಶೀಟಿನಲ್ಲಿ ಮೊದಲ ಐವರ ಗುರುತನ್ನು ಅವನ ಹೆಸರಿನ ಮುಂದೆ ಹಾಕುತ್ತೇನೆಂದು ಅವರಿಗೆ ಇನ್ನೂ ಹೇಳಿಲ್ಲ.