ಹೆಸರಿಗಷ್ಟೇ ಎಣ್ಣೆ: ಮನೆಯಲ್ಲಿ ಸುಗಂಧ ತೈಲ ಬಳಸುವವರಿಗೆ ಟಿಪ್ಪಣಿ

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ನೋಟ್‌ಬುಕ್ಕಿನ ಹಾಳೆಯ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ, ಪಕ್ಕದಲ್ಲಿ ಒಂದು ಹನಿ ನೀಲಗಿರಿ ಎಣ್ಣೆ ಬಿಡಿ. ಎರಡೂ ಒಂದೇ ಥರ ಹರಡುತ್ತವೆ. ಕೆಲವು ಗಂಟೆ ಬಿಟ್ಟು ಬಂದು ನೋಡಿದರೆ ಕೊಬ್ಬರಿ ಎಣ್ಣೆಯ ಜಿಡ್ಡು ಹಾಗೇ ಇರುತ್ತದೆ, ನೀಲಗಿರಿಯ ಕಲೆ ಹೆಚ್ಚುಕಡಿಮೆ ಮಾಯ. ಎಲ್ಲಿ ಹೋಯಿತು? ಆವಿಯಾಗಿ ರೂಮಿನ ಗಾಳಿಗೆ ಸೇರಿತು.

ನಾವು ಎರಡಕ್ಕೂ ಎಣ್ಣೆ ಅಂತಲೇ ಕರೆಯುತ್ತೇವೆ, ಎಡವಟ್ಟು ಶುರುವಾಗುವುದೇ ಅಲ್ಲಿ. ಕೊಬ್ಬರಿ ಎಣ್ಣೆ ಕೊಬ್ಬು. ನೀಲಗಿರಿ, ಲವಂಗ, ಪುದೀನಾ, ಲ್ಯಾವೆಂಡರ್ ಎಣ್ಣೆಗಳಲ್ಲಿ ಕೊಬ್ಬೇ ಇಲ್ಲ. ಎಲೆ, ಮೊಗ್ಗು, ಹೂವಿನ ಮೂಲಕ ಉಗಿ ಹಾಯಿಸಿ, ಅದರ ಜೊತೆ ಬಂದ ಘಾಟನ್ನು ತಣ್ಣಗೆ ಮಾಡಿ ಹಿಡಿದದ್ದು. ಇಂಥ ಸುಗಂಧ ತೈಲಕ್ಕೆ ಇಂಗ್ಲಿಷಿನಲ್ಲಿ ಎಸೆನ್ಷಿಯಲ್ ಆಯಿಲ್ ಅನ್ನುತ್ತಾರೆ. ಎಸೆನ್ಷಿಯಲ್ ಅಂದರೆ ಇಲ್ಲಿ ಅತ್ಯಗತ್ಯ ಅಂತ ಅಲ್ಲ, ಎಸೆನ್ಸ್, ಅಂದರೆ ಸಾರ. ರಾಶಿ ಎಲೆಯ ಸಾರ ಒಂದು ಪುಟ್ಟ ಬಾಟಲಿಯಲ್ಲಿರುತ್ತದೆ. ಹಾಗಾಗಿ ತಲೆಗೆ ಹಚ್ಚುವ ಎಣ್ಣೆಯಂತೆ ಅಂಗೈಗೆ ಸುರಿದುಕೊಳ್ಳುವ ವಸ್ತು ಇದಲ್ಲ.

ನನಗೆ ಇದು ಗೊತ್ತಾಗಿದ್ದು ಹಲ್ಲುನೋವಿನಲ್ಲಿ. ಹತ್ತಿಯನ್ನು ಲವಂಗದ ಎಣ್ಣೆಯಲ್ಲಿ ಚೆನ್ನಾಗಿ ನೆನೆಸಿ ದವಡೆಗೆ ಇಟ್ಟುಕೊಂಡು ಮಲಗಿಬಿಟ್ಟೆ. ನೋವೇನೋ ಕಡಿಮೆಯಾಯಿತು, ಯಾಕೆಂದರೆ ಅದರಲ್ಲಿರುವ ಯೂಜೆನಾಲ್ ಜಾಗವನ್ನು ಜೋಮು ಹಿಡಿಸುತ್ತದೆ. ಬೆಳಿಗ್ಗೆ ನೋಡಿದರೆ ಒಸಡು ಬೆಳ್ಳಗೆ ಸುಟ್ಟಂತಾಗಿ, ಎರಡು ದಿನ ಗಂಜಿಯೇ ಗತಿ. ಹತ್ತಿ ಅದ್ದಲು ಬಳಸಿದ್ದ ಪ್ಲಾಸ್ಟಿಕ್ ಮುಚ್ಚಳವೂ ಅಂಟಂಟಾಗಿತ್ತು. ಪ್ಲಾಸ್ಟಿಕ್ಕನ್ನೇ ಕರಗಿಸುವುದು ಒಸಡನ್ನು ಬಿಡುತ್ತದಾ?

ಚರ್ಮಕ್ಕೆ ಹಚ್ಚುವುದಾದರೆ ಕೊಬ್ಬರಿ ಅಥವಾ ಎಳ್ಳೆಣ್ಣೆಯಲ್ಲಿ ಬೆರೆಸಬೇಕು. ಲೆಕ್ಕ ಸುಲಭ. ಸುಮಾರು 20 ಹನಿ ಅಂದರೆ 1 ಎಂಎಲ್, ಹಾಗಾಗಿ 5 ಎಂಎಲ್‌ನ ಒಂದು ಟೀ ಚಮಚದಲ್ಲಿ 100 ಹನಿ. ಒಂದು ಚಮಚ ಕೊಬ್ಬರಿ ಎಣ್ಣೆಗೆ ಒಂದು ಹನಿ ಬೆರೆಸಿದರೆ 1 ಪರ್ಸೆಂಟ್ ಆಯಿತು, ಎರಡು ಹನಿಗೆ 2 ಪರ್ಸೆಂಟ್. ದೊಡ್ಡವರ ಕೈಕಾಲಿಗೆ 2 ಸಾಕು, ಮುಖಕ್ಕೆ 1 ದಾಟಬೇಡಿ. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾದು ನೋಡಿ. ಸ್ನಾನದ ಬಕೆಟ್ಟಿಗೆ ಸುಮ್ನೆ ನಾಲ್ಕು ಹನಿ ಹಾಕುವವರಿದ್ದಾರೆ, ಅದು ನೀರಿನಲ್ಲಿ ಬೆರೆಯುವುದಿಲ್ಲ, ಮೇಲೆ ತೇಲಿ ನೇರ ಮೈಗೆ ಅಂಟುತ್ತದೆ. ಸಿಪ್ಪೆ ಹಿಂಡಿ ತೆಗೆದ ನಿಂಬೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗಬಹುದು.

ಇನ್ನು ಕುಡಿಯುವ ವಿಷಯ. ಬೇಡ, ಅಷ್ಟೇ. ಕೆಮ್ಮಿನ ಸಿರಪ್ಪಿನ ಪಕ್ಕ ನೀಲಗಿರಿ ಎಣ್ಣೆ ಇಡುವ ಮನೆಗಳು ಎಷ್ಟಿಲ್ಲ ಹೇಳಿ, ರಾತ್ರಿ ನಿದ್ದೆಗಣ್ಣಲ್ಲಿ ಯಾವ ಬಾಟಲಿ ಕೈಗೆ ಬಂತೋ ಯಾರಿಗೆ ಗೊತ್ತು. ಚಿಕ್ಕ ಮಗುವಿಗೆ ಕೆಲವೇ ಎಂಎಲ್ ಸಾಕು, ಅರ್ಧ ಗಂಟೆಯೊಳಗೇ ಮಂಪರು ಬರಬಹುದು, ಫಿಟ್ಸ್ ಕೂಡ. ಕರ್ಪೂರದ ಎಣ್ಣೆಯೂ ಹಾಗೇ. ಮಂಡಿನೋವಿಗೆ ತರುವ ವಿಂಟರ್‌ಗ್ರೀನ್, ಅಂದರೆ ಗಂಧಪುರ ಎಣ್ಣೆಯದು ಇನ್ನೂ ಭಯ ಹುಟ್ಟಿಸುವ ಲೆಕ್ಕ: ಶುದ್ಧವಾಗಿದ್ದರೆ ಒಂದು ಟೀ ಚಮಚ 325 ಮಿಲಿಗ್ರಾಂನ 20ಕ್ಕಿಂತ ಹೆಚ್ಚು ಆಸ್ಪಿರಿನ್ ಮಾತ್ರೆಗೆ ಸಮ. ಯಾರಾದರೂ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ವಾಂತಿಯ ಜೊತೆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಗಂಡಾಂತರ. ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ, ಇಲ್ಲವೇ 108ಕ್ಕೆ ಫೋನ್ ಮಾಡಿ. ಕೂಸುಗಳ ಮೂಗಿನ ಹತ್ತಿರ ನೀಲಗಿರಿ, ಪುದೀನಾ, ಕರ್ಪೂರದ ಎಣ್ಣೆ ಹಚ್ಚಬೇಡಿ, ಉಸಿರಾಟಕ್ಕೆ ತೊಂದರೆಯಾಗುತ್ತದೆ. ಅಜ್ಜಿ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಬೆಕ್ಕು ಸಾಕಿದವರು ಟೀ ಟ್ರೀ ಎಣ್ಣೆಯನ್ನು (ಇದು ಚಹಾ ಗಿಡದ್ದಲ್ಲ, ಆಸ್ಟ್ರೇಲಿಯಾ ಮೂಲದ ಬೇರೊಂದು ಮರದ ಎಲೆಯದು) ಅದರ ಮೈಗೆ ಸೋಕಿಸಬೇಡಿ. ಅದರ ಲಿವರ್‌ಗೆ ಇದನ್ನು ಅರಗಿಸುವ ಶಕ್ತಿ ತೀರಾ ಕಡಿಮೆ, ಜೊತೆಗೆ ಮೈ ನೆಕ್ಕುವ ಚಾಳಿ ಬೇರೆ.

ಇಡುವುದು ಎಲ್ಲಿ? ದೇವರ ಮನೆಯ ಗೂಡಲ್ಲಿ ದೀಪದ ಪಕ್ಕ ಅಂತೂ ಬೇಡ. ನೀಲಗಿರಿ, ನಿಂಬೆ ಎಣ್ಣೆಗಳು 50 ಡಿಗ್ರಿಯ ಆಸುಪಾಸಿನಲ್ಲೇ ಕಿಡಿ ಸಿಕ್ಕರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತವೆ. ರಾಯಚೂರು, ಕಲಬುರ್ಗಿಯ ಬೇಸಿಗೆಯಲ್ಲಿ ನೆರಳಲ್ಲೇ 42 ಇರುತ್ತದೆ, ಒಲೆಯ ಪಕ್ಕದ ಶೆಲ್ಫ್ ಎಷ್ಟು ಕಾದಿರಬಹುದು ಯೋಚಿಸಿ. ಕಂದು ಬಣ್ಣದ ಗಾಜಿನ ಬಾಟಲಿ, ಬಿಗಿಯಾದ ಮುಚ್ಚಳ, ಬೀಗ ಹಾಕುವ ಬೀರು, ಮಕ್ಕಳ ಕೈಗೆ ಎಟುಕದ ಎತ್ತರ. ರಬ್ಬರ್ ಡ್ರಾಪರ್ ಹಾಗೇ ಬಾಟಲಿಗೆ ಸಿಕ್ಕಿಸಿಡಬೇಡಿ, ರಬ್ಬರ್ ಮೆತ್ತಗಾಗಿ ಎಣ್ಣೆಗೆ ಇಳಿಯುತ್ತದೆ.

ಬಾಟಲಿ ತೆರೆದ ದಿನವೇ ಟೇಪ್ ಅಂಟಿಸಿ ತಾರೀಕು ಬರೆಯಿರಿ. ಗಾಳಿ ತಾಗಿದಂತೆ ಎಣ್ಣೆ ಬದಲಾಗುತ್ತದೆ, ಹಾಗೆ ಹಳತಾದ ಟೀ ಟ್ರೀ, ಕಿತ್ತಳೆ ಎಣ್ಣೆಗಳು ಹೊಸದಕ್ಕಿಂತ ಜಾಸ್ತಿ ಅಲರ್ಜಿ ತರುತ್ತವೆ. ಅರ್ಧ ಖಾಲಿಯಾದ ಬಾಟಲಿ ಬೇಗ ಕೆಡುವುದು ಇದಕ್ಕೇ, ಒಳಗೆ ಗಾಳಿ ಹೆಚ್ಚು ಅಲ್ವಾ. ಶ್ರೀಗಂಧದ ಎಣ್ಣೆ ವರ್ಷಗಟ್ಟಲೆ ಬಾಳುತ್ತದೆ, ನಿಂಬೆ ಕಿತ್ತಳೆಯದನ್ನು ಒಂದು ವರ್ಷದೊಳಗೆ ಮುಗಿಸಿ. ಮುಗಿಯದೆ ಉಳಿದ ಕಿತ್ತಳೆ ಎಣ್ಣೆಯನ್ನು ನಾನು ಮೈಗೆ ಹಚ್ಚುವುದಿಲ್ಲ. ಗ್ಲೌಸ್ ಹಾಕಿಕೊಂಡು ಹೊಸ ಸ್ಟೀಲ್ ಪಾತ್ರೆಯ ಮೇಲಿನ ಸ್ಟಿಕ್ಕರ್‌ಗೆ ಸವರುತ್ತೇನೆ. ಐದು ನಿಮಿಷದಲ್ಲಿ ಗೋಂದು ಕರಗಿ ಬರುತ್ತದೆ, ಆಮೇಲೆ ಸೋಪು ಹಾಕಿ ಎರಡು ಸಲ ತೊಳೆದರೆ ಆಯಿತು.